ಶಾಣ್ಯಾ ಕೂಸಿನ ಡಬ್ಬಿ

ಬ್ಯಾಸಗಿ ಮಧ್ಯಾಹ್ನ, ಕರೆಂಟ್ ಬ್ಯಾರೆ ಹೋಗಿತ್ತು, ಬಿಲ್ ಬುಕ್ಕಿನ ರಟ್ಟಿನಿಂದ ಗಾಳಿ ಬೀಸ್ಕೊಂತ ಅಂಗಡ್ಯಾಗ ಕುಂತಿದ್ದೆ. ಕಾರಟಗಿ ಕಡೆ ಹಳ್ಳಿಯ ಒಬ್ಬ ಅಮ್ಮಾರು ಬಂದು ಕೌಂಟರ್ ಮ್ಯಾಲೆ ಎರಡೂ ಕೈ ಊರಿ ನಿಂತ್ರು. "ಯವ್ವಾ, ಕೂಸು ಶಾಣ್ಯಾ ಹುಟ್ಟೋ ಪೌಡರ್ ಐತಂತಲ್ಲ, ಅದೊಂದು ಡಬ್ಬಿ ಕೊಡು" ಅಂದ್ರು. ಯಾರಿಗ್ರಿ ಅಂದೆ. ಸೊಸಿಗೆ, ಏಳ್ರಾಗ ಅದಾಳ, ಮುಂದಿನ ಸೋಮಾರ ಕುಬ್ಸ ಇಟ್ಕೊಂಡೀವಿ ಅಂದ್ರು. ಸೀರಿ ಸೆರಗಿನ ತುದಿ ಬಿಚ್ಚಿ ಐನೂರರ ಎರಡು ನೋಟು ತಗದು ಮಡಿಕಿ ಸರಿಮಾಡಿ ಇಟ್ರು. ಆ ನೋಟು ನೋಡೇ ಗೊತ್ತಾತು, ಇದು ಶೇಂಗಾ ಬಿಡಿಸಿದ್ದೋ ನೆಲ್ಲು ನಾಟಿ ಮಾಡಿದ್ದೋ ಕೂಲಿ ರೊಕ್ಕ, ಎಷ್ಟೋ ದಿನದಿಂದ ಸೆರಗಿನಾಗೇ ಇತ್ತು ಅಂತ.

ನಾನು ಡಿ ಫಾರ್ಮಾ ಮಾಡ್ಕೊಂಡಾಕಿ, ಗಂಗಾವತ್ಯಾಗ ನಮ್ಮನಿಯವ್ರ ಜೊತಿ ಮೆಡಿಕಲ್ ಶಾಪ್ ನೋಡ್ಕೊಂತೀನಿ. ಹತ್ತು ವರ್ಷ ಆತು. ಸುಮ್ನ ಡಬ್ಬಿ ಕೊಟ್ಟು ಚಿಲ್ರಿ ಎಣಿಸಿ ಕೊಡಬೇಕಿತ್ತು, ಬಾಯಿ ಸುಮ್ನಿರಲಿಲ್ಲ. "ಸರ್ಕಾರಿ ದವಾಖಾನ್ಯಾಗ ಕೊಟ್ಟ ಕೆಂಪು ಗುಳಿಗಿ ತಗೊಳಾಕತ್ತಾಳೇನ್ರಿ?" ಅಂದೆ. ಅಮ್ಮಾರು ನನ್ನ ಮುಖ ಹಿಂಗ ನೋಡಿದ್ರು, ಏನು ಓದಿದಾಕಿ ನೀನು ಅನ್ನೋಹಂಗ. "ಬ್ಯಾಡವ್ವಾ ಅವು. ಉಷ್ಣ. ಕೂಸು ಕರ್ರಗ ಆಕ್ಕೈತಿ. ಮ್ಯಾಲೆ ಕೂಸು ದಪ್ಪಾಗಿ ಕೊಯ್ಬೇಕಾಕ್ಕೈತಿ."

ಅಂದ್ರ ಪುಕ್ಕಟ ಸಿಗೋ ಕಬ್ಬಿಣದ ಕೆಂಪು ಗುಳಿಗಿ ಗೂಡಿನಾಗ, ಸಾವಿರ ರೂಪಾಯಿ ಹಿಡ್ಕೊಂಡು ಅಮ್ಮಾರು ನನ್ನ ಕೌಂಟರಿನಾಗ. ಈ ಒಂದು ಚಿತ್ರನ ಹತ್ತು ವರ್ಷದಿಂದ ನೋಡಾಕತ್ತೀನಿ, ಮುಖ ಬ್ಯಾರೆ ಬ್ಯಾರೆ ಅಷ್ಟ. ಅದಕ್ಕ ಇವತ್ತು ಕುಂತು ಬರೀತೀನಿ, ಉದ್ದ ಆದ್ರ ಬೈಬ್ಯಾಡ್ರಿ.

ಮೊದ್ಲು ನನ್ನ ತಪ್ಪು ಹೇಳ್ಕೊಂಬಿಡ್ತೀನಿ. ಮೊದಲ್ನೇ ಸಲ ನಾನು ಬಸರಿ ಆದಾಗ ನನಗ ಗೊತ್ತಾಗಿದ್ದು ಏಳನೇ ವಾರಕ್ಕ. ಅದೇ ಅಂಗಡ್ಯಾಗ ದಿನಾ ಫೋಲಿಕ್ ಆಸಿಡ್ ಪಟ್ಟಿ ಕತ್ತರಿಸಿ ಕೊಡ್ತಿದ್ದಾಕಿ ನಾನು, ನನ್ನ ಹೊಟ್ಟಿಗೆ ಒಂದೂ ಹಾಕ್ಕೊಂಡಿರಲಿಲ್ಲ. ಕೂಸಿನ ಮೆದುಳು ಮತ್ತ ಬೆನ್ನುಹುರಿ ಮೊದ್ಲು ಒಂದು ತೆಳ್ಳನ ಹಾಳಿ ಇದ್ದಂಗ ಇರ್ತೈತಿ, ಅದು ಎರಡೂ ಕಡಿಯಿಂದ ಮಡಚ್ಕೊಂಡು ಕೊಳವಿ ಆಗ್ತೈತಿ, ಅದು ಸರಿಯಾಗಿ ಮುಚ್ಚಾಕ ಈ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಬೇಕು, ಆ ಕೊಳವಿ ಪೂರ್ತಿ ಮುಚ್ಚೋದು ಗರ್ಭ ನಿಂತ 28 ದಿನದೊಳಗ. ಇಪ್ಪತ್ತೆಂಟೇ ದಿನ. ಅಷ್ಟೊತ್ತಿಗೆ ಬಾಳ ಮಂದಿಗೆ "ಈ ತಿಂಗ್ಳು ಯಾಕೋ ಮುಂದಕ್ಕ ಹೋತು" ಅನ್ನೋ ಅನುಮಾನ ಸೈತ ಶುರು ಆಗಿರ್ತೈತೋ ಇಲ್ಲೋ. ಮ್ಯಾಲಿನ ಕಡೆ ಮುಚ್ಚಲಿಲ್ಲ ಅಂದ್ರ ಮೆದುಳೇ ಬೆಳಿಯಂಗಿಲ್ಲ, ಕೆಳಗ ಮುಚ್ಚಲಿಲ್ಲ ಅಂದ್ರ ಬೆನ್ನಾಗ ಗಂಟು, ಕಾಲಿಗೆ ಬಲ ಇಲ್ಲ. ಇದನ್ನೆಲ್ಲ ಪುಸ್ತಕದಾಗ ಓದಿ ಪಾಸಾದಾಕಿ ನಾನು. ಐದನೇ ತಿಂಗ್ಳ ಸ್ಕ್ಯಾನಿಂಗಿನಾಗ ಡಾಕ್ಟರ್ ಕೂಸಿನ ಬೆನ್ನ ಮ್ಯಾಲೆ ಆ ಮಷೀನ್ ನಿಲ್ಲಿಸಿ, ಏನೂ ಮಾತಾಡ್ದ, ಸ್ಕ್ರೀನ್ ನೋಡ್ಕೊಂತ ಕುಂತ್ರಲ್ಲ, ಆ ಎರಡು ನಿಮಿಷ ನಾನು ಉಸಿರು ಹಿಡ್ಕೊಂಡಿದ್ದೆ. ಏನೂ ಇರಲಿಲ್ಲ. ಮಗ ಈಗ ಎರಡನೇ ಕ್ಲಾಸ್, ಮಗ್ಗಿ ಅಂದ್ರ ಓಡಿಹೋಗ್ತಾನ, ಅದು ಬ್ಯಾರೆ ಮಾತು.

ಎರಡ್ನೇದಕ್ಕ ಮೂರು ತಿಂಗ್ಳು ಮೊದ್ಲೇ ಗುಳಿಗಿ ಶುರು ಮಾಡಿದೆ. ಒಂದಿನ ಅತ್ತಿಯವ್ರ ಕಣ್ಣಿಗೆ ಆ ಹಳದಿ ಗುಳಿಗಿ ಪಟ್ಟಿ ಬಿತ್ತು, ಸಂಜಿಮಟ ಓಣಿ ತುಂಬ ನನಗ ತಿಂಗ್ಳಾಗಿ ಹೋಗಿತ್ತು! ಆಗೋಕಿಂತ ಮೊದ್ಲು ತಗೋಬೇಕ್ರಿ ಅಂತ ಹೇಳಿದ್ರ ಯಾರು ಕೇಳ್ತಾರ. ಮದ್ವಿಯಾದ ಹೊಸದ್ರಾಗ ಹುಡುಗಿ ಗುಳಿಗಿ ನುಂಗಾಕತ್ತಾಳ ಅಂದ್ರ ಒಂದೋ ಆಕಿಗೆ ಏನೋ ರೋಗ ಐತಿ, ಇಲ್ಲಾಂದ್ರ ಮಕ್ಕಳಾಗ್ದಂಗ ಏನೋ ತಗೊಳಾಕತ್ತಾಳ. ಮೂರನೇದು ಯಾರ ತಲ್ಯಾಗೂ ಬರಂಗಿಲ್ಲ. ಡಾಕ್ಟರ್ ಹೇಳೋ ಲೆಕ್ಕ ದಿನಕ್ಕ 400 ಮೈಕ್ರೋಗ್ರಾಂ, ಅಂಗಡ್ಯಾಗ ಜಾಸ್ತಿ ಓಡೋದು 5 ಮಿಲಿಗ್ರಾಮಿಂದು, ಅಂದ್ರ ಹನ್ನೆರಡು ಪಟ್ಟಿಗೂ ಹೆಚ್ಚು. ಹಿಂದಿನ ಕೂಸಿಗೆ ಇಂಥಾ ತೊಂದ್ರಿ ಆಗಿದ್ದವ್ರಿಗೆ ದೊಡ್ಡ ಡೋಸ್ ಬೇಕಾಗ್ತೈತಿ, ಉಳಿದವ್ರು ಯಾವುದು ಅಂತ ಕೇಳಿ ತಗೊಳ್ರಿ, ಪಕ್ಕದ ಮನಿಯಾಕಿ ತಗೊಂಡ್ಲು ಅಂತ ಅಲ್ಲ.

ಈ ಫೋಲಿಕ್ ಆಸಿಡ್ಡಿನ ಕಥಿ ನಮ್ಮ ದೇಶದ್ದೇ ಅನ್ನೋದು ನನಗ ಬಾಳ ಖುಷಿ ಕೊಟ್ಟ ಸಂಗತಿ. ಲೂಸಿ ವಿಲ್ಸ್ ಅಂತ ಇಂಗ್ಲೆಂಡಿನ ಡಾಕ್ಟ್ರು, 1928ರಾಗ ಮುಂಬೈಗೆ ಬಂದು ಬಟ್ಟಿ ಗಿರಣ್ಯಾಗ ದುಡಿಯೋ ಬಡ ಬಸರಿ ಹೆಂಗಸ್ರಿಗೆ ಯಾಕ ಹಿಂಗ ರಕ್ತ ಕಮ್ಮಿ ಆಗ್ತೈತಿ ಅಂತ ಹುಡುಕಾಕ ಶುರು ಮಾಡಿದ್ರು. ಕೊನಿಗೆ ಗುಣ ಮಾಡಿದ್ದು ಏನಂದ್ರ ಮಾರ್ಮೈಟ್, ಬ್ರೆಡ್ಡಿಗೆ ಹಚ್ಕೊಂಡು ತಿನ್ನೋ ಈಸ್ಟಿನ ಸಾರ. 1931ರಾಗ ಅದನ್ನ ಪ್ರಕಟ ಮಾಡಿದ್ರು. ಅದ್ರೊಳಗಿದ್ದ ಆ ಏನೋ ಒಂದನ್ನ 1941ರಾಗ ಪಾಲಕ್ ಸೊಪ್ಪಿನಿಂದ ಬ್ಯಾರೆ ಮಾಡಿ ತಗದು ಫೋಲಿಕ್ ಅಂತ ಹೆಸರಿಟ್ರು, ಲ್ಯಾಟಿನ್‌ನಾಗ ಫೋಲಿಯಂ ಅಂದ್ರ ಎಲಿ. ಅಂದ್ರ ನಾವು ಸಂತ್ಯಾಗ ಹತ್ತು ರೂಪಾಯಿಗೆ ಎರಡು ಕಟ್ಟು ಕೊಡು ಅಂತ ಚೌಕಾಸಿ ಮಾಡೋ ಮೆಂತೆ, ರಾಜಗಿರಿ, ಸಬ್ಬಸಗಿ, ಪುಂಡಿ. ಹಂಗಂತ ಬರೇ ಪಲ್ಯ ತಿಂದು ಗುಳಿಗಿ ಬಿಡ್ಬ್ಯಾಡ್ರಿ, ಸೊಪ್ಪಿನಾಗಿರೋ ಫೋಲೇಟ್, ಅಂದ್ರ ಇದೇ ವಿಟಮಿನ್, ಬಾಳ ಹೊತ್ತು ಕುದಿಸಿದ್ರ ಹಾಳಾಗ್ತೈತಿ, ನಾವಂತೂ ಪಲ್ಯನ ಬಣ್ಣ ಹೋಗೋಮಟ ಕುದಿಸೋ ಮಂದಿ. ನಮ್ಮ ಮೈಸೂರಿನಾಗೂ ಒಂದು ಅಧ್ಯಯನ ಆಗೈತಿ, ಅಲ್ಲಿಯ ಹೋಲ್ಡ್ಸ್‌ವರ್ತ್ ಆಸ್ಪತ್ರ್ಯಾಗ ಹೆರಿಗಿ ಆದ ತಾಯಂದ್ರದ್ದು. ಬಸರಿ ಇದ್ದಾಗ ಯಾರ ರಕ್ತದಾಗ ಫೋಲೇಟ್ ಚಲೋ ಇತ್ತೋ ಅವ್ರ ಮಕ್ಕಳು ಒಂಬತ್ತು ಹತ್ತು ವರ್ಷದವ್ರಾದಾಗ ನೆನಪು, ಕಲಿಕಿ ಇಂಥಾ ಪರೀಕ್ಷ್ಯಾಗ ಸ್ವಲ್ಪ ಮುಂದಿದ್ರು ಅಂತ 2010ರಾಗ ಬರೆದ್ರು. ಸ್ವಲ್ಪ ಅಂದೆ ನೋಡ್ರಿ. ಐಎಎಸ್ ಆದ್ರು ಅಂತ ಅಲ್ಲ.

ಇನ್ನ ಉಪ್ಪು. ಇದನ್ನ ಹೇಳಿದ್ರ ಮಂದಿ ನಗ್ತಾರ, ಉಪ್ಪಿಗೂ ತಲಿಗೂ ಏನ್ ಸಂಬಂಧ ಅಂತ. ನನ್ನ ತವರು ಕುಷ್ಟಗಿ ಕಡೆ, ಅವ್ವನ ಒಲಿ ಪಕ್ಕದಾಗ ಒಂದು ಕಪ್ಪು ಬರಣಿ ಇತ್ತು, ಬಾಯಿ ಒಡೆದದ್ದು, ಮುಚ್ಚಳ ಇಲ್ಲ, ಅದ್ರಾಗ ಹರಳುಪ್ಪು. ತಂದ ದಿನ ಅವ್ವ ಅದನ್ನ ನೀರಾಗ ಹಾಕಿ ಅಲಿಬಿಲಿ ತೊಳದು, ಬಿಸಲಿಗೆ ಒಣಗಿಸಿ, ಆಮ್ಯಾಲೆ ಬರಣಿಗೆ ತುಂಬತಿದ್ಲು. ಮಣ್ಣು ಹೋಗ್ಲಿ ಅಂತ. ಮಣ್ಣಿನ ಜೊತಿ ಅಯೋಡಿನ್ನೂ ಹೋಗ್ತಿತ್ತು, ಯಾಕಂದ್ರ ಅದನ್ನ ಉಪ್ಪಿನ ಮ್ಯಾಲೆ ಸಿಂಪಡಿಸಿರ್ತಾರ, ತೊಳೆದ್ರ ಹೋತು. ಉಳಿದಿದ್ದು ಒಲಿ ಕಾವಿಗೆ, ಗಾಳಿಗೆ. ಅಯೋಡಿನ್ ಯಾಕ ಬೇಕಂದ್ರ, ಕೂಸಿನ ಮೆದುಳಿನಾಗ ನರದ ಕಣ ತಮ್ಮ ತಮ್ಮ ಜಾಗಕ್ಕ ಹೋಗಿ ಕುಂದರಾಕ ಥೈರಾಯ್ಡ್ ಅನ್ನೋ ಕುತ್ತಿಗಿ ಗ್ರಂಥಿಯ ಹಾರ್ಮೋನ್ ಬೇಕು, ಅದನ್ನ ಮಾಡಾಕ ಅಯೋಡಿನ್ ಬೇಕು, ಆದ್ರ ಮೊದಲಿನ ಮೂರು ತಿಂಗ್ಳು ಹೆಚ್ಚು ಕಮ್ಮಿ ಕೂಸಿನ ಥೈರಾಯ್ಡ್ ಆ ಹಾರ್ಮೋನ್ ಮಾಡಂಗಿಲ್ಲ, ಆಮ್ಯಾಲೂ ಅದು ಪೂರ್ತಿ ಕೆಲಸಕ್ಕ ಹತ್ತಾಕ ಟೈಮ್ ಹಿಡೀತೈತಿ, ಅಲ್ಲಿಮಟ ಎಲ್ಲಾ ತಾಯಿಯದ್ದೇ ಸಾಲ. ಬಸರ್ಯಾಗ ದಿನಕ್ಕ 250 ಮೈಕ್ರೋಗ್ರಾಂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತೈತಿ, ಸಾಸಿವಿ ಕಾಳಿನಷ್ಟೂ ಇಲ್ಲ. ಅಷ್ಟು ಕಮ್ಮಿ ಬಿದ್ರ ಕುತ್ತಿಗಿ ಬಾತು ಗಳಗಂಡ ಆಗ್ತೈತಿ, ಅದನ್ನ ತಡಿಯಾಕ ಹಿಮಾಚಲದ ಕಾಂಗ್ರಾ ಕಣಿವ್ಯಾಗ 1956ರಿಂದ ಡಾ. ರಾಮಲಿಂಗಸ್ವಾಮಿಯವ್ರು ಮತ್ತವ್ರ ಜೊತಿಯವ್ರು ಉಪ್ಪಿಗೆ ಅಯೋಡಿನ್ ಬೆರೆಸಿ ನೋಡಿದ್ರು, ಗಳಗಂಡ ಕಮ್ಮಿ ಆತು, 1962ರಾಗ ರಾಷ್ಟ್ರೀಯ ಗಳಗಂಡ ನಿಯಂತ್ರಣ ಯೋಜನಿ ಬಂತು. ಇಷ್ಟೆಲ್ಲ ಆಗಿ ನಮ್ಮವ್ವನ ಬರಣಿಯೊಳಗ ಬಂದು ತೊಳದು ಹೋಗ್ತಿತ್ತು.

ಅವ್ವಗ ಹೇಳಿದೆ. ಪಾಕೀಟ್ ಉಪ್ಪು ತಂದು ಕೊಟ್ಟೆ. "ಇದು ಉಪ್ಪಿನಕಾಯಿಗೆ ಬರಂಗಿಲ್ಲ ತಂಗಿ" ಅಂದ್ಲು. ಸರಿ, ಉಪ್ಪಿನಕಾಯಿಗೆ ಹರಳುಪ್ಪು, ಸಾರಿಗೆ ಪಾಕೀಟ್ ಉಪ್ಪು, ಅದೂ ಮುಚ್ಚಳ ಇರೋ ಡಬ್ಬ್ಯಾಗ, ಒಲಿಯಿಂದ ದೂರ, ಅಂತ ರಾಜಿ ಆತು. ಬಿಪಿ ಇರೋ ಬಸರಿ ಹೆಂಗಸ್ರು ಉಪ್ಪು ಎಷ್ಟು ಅಂತ ಡಾಕ್ಟರ್‌ನ್ನೇ ಕೇಳ್ಬೇಕು, ಅಯೋಡಿನ್ ಹೆಸರಿನಾಗ ಹೆಚ್ಚು ತಿನ್ನೋದಲ್ಲ, ತಿನ್ನೋ ಉಪ್ಪು ಅಯೋಡಿನ್ ಇರೋದು ಆಗಿರ್ಲಿ ಅಷ್ಟ.

ಈಗ ಅಮ್ಮಾರ ಕೆಂಪು ಗುಳಿಗಿಗೆ ಬರ್ತೀನಿ. ಅದ್ರಾಗ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರ್ತೈತಿ. ನಾಕನೇ ತಿಂಗ್ಳಿಂದ ದಿನಕ್ಕೊಂದು, 180 ದಿನ, ಹೆರಿಗಿ ಆದ ಮ್ಯಾಲೆ ಇನ್ನ 180 ದಿನ. 2018ರಾಗ ಬಂದ ಅನೀಮಿಯಾ ಮುಕ್ತ ಭಾರತ ಅನ್ನೋ ಸರ್ಕಾರಿ ಯೋಜನ್ಯಾಗೂ ಇದೇ ಲೆಕ್ಕ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ರ ಬಸರಿಗೆ ರಕ್ತ ಕಮ್ಮಿ ಅಂತ ಅರ್ಥ. ನಮ್ಮ ಕಡೆ ತಾಯಿ ಕಾರ್ಡ್ ತಗದು ನೋಡಿದ್ರ 8, 9 ಅಂತ ಬರ್ದಿರೋದು ಏನು ಹೊಸದಲ್ಲ, ಕಾರ್ಡಿನವ್ರೂ ನೋಡಿ ನೋಡಿ ರೂಢಿ ಆಗ್ಯಾರ. ಆದ್ರ ಕಬ್ಬಿಣ ಬರೇ ತಾಯಿ ರಕ್ತಕ್ಕಲ್ಲ. ಕೂಸಿನ ಮೆದುಳಿನಾಗ ನರದ ಮ್ಯಾಲೆ ಒಂದು ಪೊರಿ ಕಟ್ಬೇಕು, ಪಂಪ್‌ಸೆಟ್ ವೈರಿಗೆ ರಬ್ಬರ್ ಇದ್ದಂಗ, ಅದಕ್ಕ ಕಬ್ಬಿಣ ಬೇಕು. ಮ್ಯಾಲೆ ಕೊನೇ ಮೂರು ತಿಂಗ್ಳು ಕೂಸು ತಾಯಿಯಿಂದ ಕಬ್ಬಿಣ ಎಳ್ಕೊಂಡು ಗಂಟು ಕಟ್ಕೊಂತೈತಿ, ಹುಟ್ಟಿದ ಮ್ಯಾಲೆ ಆರು ತಿಂಗ್ಳು ಅದೇ ಬುತ್ತಿ, ಎದಿಹಾಲಿನಾಗ ಕಬ್ಬಿಣ ಕಮ್ಮಿ. ಕೂಸಿನ ಬಣ್ಣಕ್ಕೂ ಇದಕ್ಕೂ ಸಂಬಂಧನೇ ಇಲ್ಲ, ಕರ್ರಗ ಆಗೋದು ಮುಂಜಾನಿ ಸಂಡಾಸ ಅಷ್ಟ. ಅದನ್ನ ನೋಡೇ ಯಾರೋ ಮೊದ್ಲು ಕೂಸಿನ ಮಾತು ಎಬ್ಬಿಸಿರ್ಬೇಕು ಅಂತ ನನ್ನ ಅನುಮಾನ.

ಆದ್ರೂ ಆ ಗುಳಿಗಿ ತಗೊಳ್ಳೋದು ಸಸಾರ ಅಲ್ರಿ. ನಾನೇ ಎರಡನೇ ಸಲ ಹದಿನೈದು ದಿನ ಜ್ವಾಳದ ಹಿಟ್ಟಿನ ಡಬ್ಬಿ ಹಿಂದ ಬಚ್ಚಿಟ್ಟಿದ್ದೆ. ಬಾಯಾಗ ತುಕ್ಕಿನ ರುಚಿ, ಹೊಟ್ಟಿ ಕಟ್ತೈತಿ, ಹೊಟ್ಟಿ ತೊಳಸ್ತೈತಿ. ನಮ್ಮನಿಯವ್ರು ಹಿಟ್ಟು ತಗ್ಯಾಕ ಹೋಗಿ ಗುಳಿಗಿ ಪಟ್ಟಿ ಹಿಡ್ಕೊಂಡು ಬಂದು "ಏನಿದು ಫಾರ್ಮಾಸಿಸ್ಟ್ ಅಮ್ಮಾರ?" ಅಂದಾಗ ನಾಚಿಕಿ ಆಗಿ ಹೋತು. ಆಮ್ಯಾಲೆ ರಾತ್ರಿ ಮಲಗೋ ಮೊದ್ಲು ತಗೊಳಾಕ ಶುರು ಮಾಡಿದೆ, ನಿಂಬಿಹಣ್ಣಿನ ನೀರಿನ ಜೊತಿ. ಹುಳಿ ಇದ್ರ ಕಬ್ಬಿಣ ಮೈಗೆ ಹತ್ತೋದು ಜಾಸ್ತಿ. ಚಾ ಇದ್ರ ಹತ್ತೋದು ಬಾಳ ಕಮ್ಮಿ, ಇದೇ ನಮ್ಮ ಊರಿನ ದೊಡ್ಡ ಪೀಕಲಾಟ, ಯಾಕಂದ್ರ ನಮ್ಮ ಹೆಂಗಸ್ರು ಗುಳಿಗಿ ನುಂಗೋದೇ ಚಾದಾಗ. ಊಟ ಆದ ಕೂಡ್ಲೆ ಅರ್ಧ ಕಪ್ ಚಾ ಬೇಕೇ ಬೇಕು. ಒಂದು ತಾಸು ಬಿಡ್ರಿ ಅಂದ್ರ ಅಷ್ಟೊತ್ತಿಗೆ ತಲಿನೋವು ಬರ್ತೈತಿ ಅಂತಾರ. ಇನ್ನ ಕ್ಯಾಲ್ಸಿಯಂ ಬಿಳಿ ಗುಳಿಗಿ, ಅದನ್ನೂ ಇದನ್ನೂ ಒಂದೇ ಗುಟುಕಿಗೆ ನುಂಗಿದ್ರ ಒಂದು ಇನ್ನೊಂದನ್ನ ತಡೀತೈತಿ, ಎರಡು ತಾಸು ಅಂತರ ಇರ್ಲಿ. ಮತ್ತ ಯಾರಿಗೆ ಕೆಮ್ಮಣ್ಣು, ಸುಣ್ಣದ ತುಣುಕು, ಹಸಿ ಅಕ್ಕಿ ತಿನ್ನೋ ಆಸಿ ಆಗ್ತೈತೋ ಅವ್ರನ್ನ ಬಯಕಿ ಅಂತ ನಕ್ಕು ಬಿಡ್ಬ್ಯಾಡ್ರಿ, ರಕ್ತ ಚೆಕ್ ಮಾಡಿಸ್ರಿ, ಕಬ್ಬಿಣ ಕಮ್ಮಿ ಇದ್ದವ್ರಿಗೆ ಹಂಗ ಆಗೋದು ಬಾಳ.

ಊಟದ ಮಾತಿಗೆ ಬಂದ್ರ ನಮ್ಮ ಕಡೆ ಊಟ ಕೆಟ್ಟದ್ದೇನಲ್ಲ. ಜ್ವಾಳದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮ್ಯಾಲೊಂದು ಉಳ್ಳಾಗಡ್ಡಿ, ಗಟ್ಟಿ ಮೊಸರು. ಆದ್ರ ಹೊಳಿ ನೀರಾವರಿ ಬಂದ ಮ್ಯಾಲೆ ಈ ಕಡೆ ಎಲ್ಲಾ ನೆಲ್ಲು, ತಾಟಿನ ತುಂಬ ಸೋನಾ ಮಸೂರಿ ಅನ್ನ, ಮ್ಯಾಲೆ ತಿಳಿ ಸಾರು, ಕಾಳು ಕೆಳಗ ಉಳಿತಾವ, ಆ ಕಾಳು ಯಾರ ತಾಟಿಗೆ ಬೀಳ್ತಾವ ಅನ್ನೋದೇ ಪ್ರಶ್ನಿ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯವ್ರ ಪ್ರಕಾರ ಬಸರ್ಯಾಗ ದಿನಕ್ಕ ಹೆಚ್ಚಿಗಿ ಬೇಕಾಗೋದು 350 ಕ್ಯಾಲರಿ. ಇಬ್ರ ಊಟ ಅಲ್ಲ, ಹೆಚ್ಚು ಕಮ್ಮಿ ಒಂದು ರೊಟ್ಟಿ, ಒಂದು ಬಟ್ಟಲು ಕಾಳ್ಪಲ್ಯ, ಒಂದು ಗ್ಲಾಸ್ ಮಜ್ಜಿಗಿ. ಪ್ರೋಟೀನು ಮಾತ್ರ ಕೊನೇ ಮೂರು ತಿಂಗ್ಳಿನಾಗ ದಿನಕ್ಕ 22 ಗ್ರಾಂ ಹೆಚ್ಚಿಗಿ ಅಂತಾರ, ಅದು ಸಣ್ಣದಲ್ಲ, ಅದಕ್ಕ ತಿಳಿ ಸಾರು ಸಾಲಂಗಿಲ್ಲ.

ಗಂಡಸ್ರು ಮೊದ್ಲು, ಮಕ್ಕಳು ಜೊತಿಗೆ, ಅತ್ತಿ ಆಮ್ಯಾಲೆ, ಬಸರಿ ಸೊಸಿ ಕಡೀಕ. ಪಾತ್ರಿ ತಳದಾಗ ಏನಿರ್ತೈತೋ ಅದು. ಇದನ್ನ ಯಾರೂ ಕೆಟ್ಟವ್ರಾಗಿ ಮಾಡಂಗಿಲ್ಲ, ನಮ್ಮ ಅತ್ತಿಯವ್ರು ಬಂಗಾರದಂಥಾ ಹೆಂಗಸು, ಆದ್ರೂ ನಮ್ಮನ್ಯಾಗ ಹಂಗೇ ಇತ್ತು. 2017ರ ಅಕ್ಟೋಬರ್ 2ಕ್ಕ ರಾಜ್ಯದಾಗ ಮಾತೃಪೂರ್ಣ ಅಂತ ಶುರು ಮಾಡಿದಾಗ ಬಸರ್ಯಾರು ಬಾಣಂತ್ಯಾರು ಅಂಗನವಾಡಿಗೇ ಬಂದು ಬಿಸಿ ಊಟ ಉಣ್ಣಬೇಕು ಅಂದ್ರಲ್ಲ, ಅನ್ನ, ಸಾಂಬಾರು, ತತ್ತಿ, 200 ಎಂ.ಎಲ್. ಹಾಲು, ಶೇಂಗಾ ಚಿಕ್ಕಿ, ಅದ್ರ ಹಿಂದಿನ ಲೆಕ್ಕನೂ ಇದೇ, ಮನಿಗೆ ಕಟ್ಟಿ ಕಳಿಸಿದ್ರ ಅದು ಎಲ್ಲಾರ ತಾಟಿಗೆ ಹಂಚಿ ಹೋಗ್ತೈತಿ ಅಂತ. ಬಾಳ ಶಾಣ್ಯಾ ಲೆಕ್ಕ. ಆದ್ರ ನಾಟಿ ಹಂಗಾಮಿನಾಗ ಮಧ್ಯಾಹ್ನ ಗದ್ದಿ ಬಿಟ್ಟು ಯಾರು ಬರ್ತಾರ, ಮ್ಯಾಲೆ ಹೊಸ ಸೊಸಿ ಓಣ್ಯಾಗ ತಾಟು ಹಿಡ್ಕೊಂಡು ಹೋಗೋದಂದ್ರ ಕೆಲವ್ರಿಗೆ ಮರ್ಯಾದಿ ಪ್ರಶ್ನಿ.

ತತ್ತಿ ಅಂದೆ. ನಮ್ದು ತತ್ತಿ ತಿನ್ನೋ ಮನಿ ಅಲ್ಲ. ತತ್ತಿ ಹಳದ್ಯಾಗ ಕೋಲೀನ್ ಅನ್ನೋದು ಇರ್ತೈತಿ, ಕೂಸಿನ ನೆನಪಿನ ಶಕ್ತಿಗೆ ಸಂಬಂಧಪಟ್ಟದ್ದು, ದಿನಕ್ಕ 450 ಮಿಲಿಗ್ರಾಂ ಬೇಕು ಅಂತಾರ, ಒಂದು ತತ್ತ್ಯಾಗ ಅದ್ರ ಮೂರನೇ ಒಂದು ಪಾಲು ಸಿಕ್ಕಿಬಿಡ್ತೈತಿ. ಜೊತಿಗೆ ಬಿ12 ವಿಟಮಿನ್. ತಿನ್ನೋರು ತಿನ್ರಿ, ಹೆಂಗಾದ್ರೂ ಈ ಭಾಗದಾಗ ಸಾಲಿ ಮಕ್ಕಳಿಗೆ ತತ್ತಿ ಕೊಡೋದು ಬ್ಯಾಡ ಅಂತ 2021ರಾಗ ಎಷ್ಟು ಗದ್ಲ ಆತು ನೋಡೀವಿ, ಮಕ್ಕಳೇ ಬೇಕು ಅಂದ್ರು. ತಿನ್ನದವ್ರು ಹಾಲು ಮೊಸರು ಬಿಡ್ಬ್ಯಾಡ್ರಿ, ಬಿ12 ಚೆಕ್ ಮಾಡಿಸ್ರಿ, ಅದು ಸೊಪ್ಪು ಕಾಳಿನಾಗ ಸಿಗಂಗಿಲ್ಲ. ನಾನು ಬಿ12 ಗುಳಿಗಿ ತಗೊಂಡೆ. ಖರೆ ಹೇಳ್ಬೇಕಂದ್ರ ಒಂದು ಸಲ ಅಂಗನವಾಡಿ ಟೀಚರ್ ಮನ್ಯಾಗ ಅರ್ಧ ತತ್ತಿನೂ ತಿಂದೆ, ಕಣ್ಮುಚ್ಕೊಂಡು, ಅತ್ತಿಯವ್ರು ಈ ಬರಹ ಓದಂಗಿಲ್ಲ ಅನ್ನೋ ಧೈರ್ಯದ ಮ್ಯಾಲೆ ಬರೀತೀನಿ.

ಮೀನಿನ ಎಣ್ಣ್ಯಾಗ ಇರೋ ಡಿಎಚ್‌ಎ ಅನ್ನೋ ಕೊಬ್ಬು, ಇದೇ ಆ ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ ಇರೋದು. ಮೆದುಳಿನ ಕೊಬ್ಬಿನಾಗ ಅದು ಇರೋದು ಖರೆ, ಕೊನೇ ತಿಂಗ್ಳಿನಾಗ ಕೂಸು ಅದನ್ನ ಬಾಳ ಎಳ್ಕೊಳ್ಳೋದೂ ಖರೆ. ದಿನಕ್ಕ 200 ಮಿಲಿಗ್ರಾಂ ಆದ್ರೂ ಬೇಕು ಅಂತಾರ, ವಾರಕ್ಕ ಎರಡು ಸಲ ಮೀನು ಉಂಡ್ರ ಸ್ವಲ್ಪಾದ್ರೂ ನೀಗ್ತೈತಿ, ತುಂಗಭದ್ರಾ ಡ್ಯಾಂ ಬಗಲಾಗೇ ಐತಲ್ಲ. ನಮ್ಮ ಅಗಸ್ಯಾಗ ಇರೋದು ಅದ್ರ ಅಣ್ಣ ಇದ್ದಂಗ, ಮೈಯಾಗ ಹೋಗಿ ಡಿಎಚ್‌ಎ ಆಗೋದು ಸ್ವಲ್ಪೇ ಸ್ವಲ್ಪ, ಆದ್ರೂ ಅಗಸಿ ಹಿಂಡಿ ಬಿಡಬಾರ್ದು, ಪುಡಿ ಮಾಡಿ ತಿನ್ರಿ, ಕಾಳು ಹಂಗೇ ನುಂಗಿದ್ರ ಹೆಂಗ ಹೋತೋ ಹಂಗೇ ಹೊರಗ ಬರ್ತೈತಿ. ಇನ್ನ ಆ ಡಬ್ಬಿ ಹಿಂದ ತಿರುಗಿಸಿ ಸಣ್ಣ ಅಕ್ಷರ ಓದ್ರಿ, ಸಕ್ಕರಿ ಎಷ್ಟನೇ ಸಾಲಿನಾಗ ಐತಿ ನೋಡ್ರಿ, ಡಿಎಚ್‌ಎ ಎಷ್ಟು ಮಿಲಿಗ್ರಾಂ ನೋಡಿ 200ರ ಜೊತಿ ಹೋಲಿಸ್ರಿ. ಕೇಸರಿ ಹಾಲು ಕುಡಿದ್ರ ಬಣ್ಣ ಬರಂಗಿಲ್ಲ, ಹಾಲು ಕುಡಿದದ್ದು ಮಾತ್ರ ಲಾಭ.

ಇಷ್ಟೆಲ್ಲ ಹೇಳೋ ನಾನು ಆ ಡಬ್ಬಿ ಮಾರ್ತೀನಿ. ಕೌಂಟರಿನ ಹಿಂದ ಕಣ್ಣಿಗೆ ಕಾಣೋ ಜಾಗದಾಗೇ ಜೋಡಿಸೀವಿ, ಒಂದು ಡಬ್ಬಿ ಮ್ಯಾಲೆ ಸಿಗೋ ಲಾಭ ಫೋಲಿಕ್ ಆಸಿಡ್ ಪಟ್ಟಿ ಎಷ್ಟು ಮಾರಿದ್ರೂ ಸಿಗಂಗಿಲ್ಲ, ಅಂಗಡಿ ಬಾಡಗಿ ಕಟ್ಟಬೇಕಲ್ಲ. ಆದ್ರ ಅವತ್ತು ಆ ಕೂಲಿ ರೊಕ್ಕ ತಗೊಳಾಕ ಮನಸ್ಸು ಬರಲಿಲ್ಲ. "ಅಮ್ಮಾರ, ಈ ರೊಕ್ಕ ಮುಗಿಯೋಮಟ ದಿನಾ ಅರ್ಧ ಲೀಟರ್ ಹಾಲು ಹಾಕಿಸ್ರಿ, ಸೊಸೀನ ನಿಮ್ಮ ಜೊತಿ ಕುಂದ್ರಿಸಿ ಉಣಸ್ರಿ, ಗುಳಿಗಿ ನಿಂಬಿಹಣ್ಣಿನ ನೀರಾಗ ಕೊಡ್ರಿ" ಅಂದೆ. ಅಮ್ಮಾರು ನೋಟು ಮತ್ತ ಸೆರಗಿಗೆ ಕಟ್ಕೊಂಡ್ರು. ಸಿಟ್ಟಾದ್ರೋ ಒಪ್ಪಿದ್ರೋ ಗೊತ್ತಾಗಲಿಲ್ಲ. ನಮ್ಮನಿಯವ್ರು ಒಳಗಿಂದ ಕೆಮ್ಮಿದ್ರು.

ಹೋದ 9ಕ್ಕ, ಸರ್ಕಾರಿ ದವಾಖಾನ್ಯಾಗ ಬಸರ್ಯಾರ ಚೆಕಪ್ ದಿನ, ಹಸಿರು ಬಳಿ ಹಾಕ್ಕೊಂಡ ಒಂದು ಹುಡುಗಿ ಒಬ್ಬಾಕೀನೇ ಅಂಗಡಿಗೆ ಬಂದ್ಲು. ತಾಯಿ ಕಾರ್ಡ್ ತೋರ್ಸಿದ್ಲು. ಅದೇ ಊರು. "ನೀವೇ ಏನಕ್ಕಾ ನಮ್ಮ ಅತ್ತಿಗೆ ನಿಂಬಿಹಣ್ಣು ಹೇಳಿದ್ದು?" ಅಂದ್ಲು. ಹೌದು ಅಂದೆ, ಗುಳಿಗಿ ತಗೊಳಾಕತ್ತೀಯೇನು ಅಂತ ಕೇಳಿದೆ. ತಗೊಳಾಕತ್ತೀನಿ, ಹಿಮೋಗ್ಲೋಬಿನ್ 9.2 ಬಂದೈತಿ, ಮೊದ್ಲು 8.6 ಇತ್ತು ಅಂದ್ಲು. ನನಗ ಒಳಗ ಸಣ್ಣಗ ಹೆಮ್ಮಿ. ಅಷ್ಟ್ರಾಗ ಆಕಿ ಕೌಂಟರ್ ಹಿಂದಿನ ಡಬ್ಬಿ ಕಡೆ ಬೊಟ್ಟು ಮಾಡಿ, "ಅದೊಂದು ಕೊಡ್ರಿ" ಅಂದ್ಲು. ಮತ್ತ ಯಾಕವ್ವಾ ಅಂದೆ.

"ಅತ್ತಿ ಅವತ್ತ ಬಸ್‌ಸ್ಟ್ಯಾಂಡಿನ ಹತ್ರ ಬ್ಯಾರೆ ಅಂಗಡ್ಯಾಗ ಒಂದು ತಂದಿದ್ರು ಅಕ್ಕಾ. ಖಾಲಿ ಆತು." ಹುಡುಗಿ ಸೆರಗು ಬಾಯಿಗೆ ಹಿಡ್ಕೊಂಡು ನಕ್ಳು. "ನಾನಲ್ಲ. ನಮ್ಮ ಮಾವ ಕುಡೀತಾರ, ಚಾದಾಗ ಹಾಕ್ಕೊಂಡು."